ಟಿ.ವಿ. ಸೆಟ್ಟಿನ ಮಾದರಿ ಸಂಖ್ಯೆಯನ್ನು ಓದುವ ಬಗೆ

(ತಾಳವಾಡಿ ವಲಯದ ಕಬ್ಬು ಬೆಳೆಗಾರ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಕ್ಕರೆ ಕಾರ್ಖಾನೆಯ ಸಭೆಯಲ್ಲಿ ಟೆಲಿವಿಷನ್ನಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಕಾರಣ ಇಷ್ಟೇ. ಕಬ್ಬಿನ ಹಣ ಬ್ಯಾಂಕಿಗೆ ಬಂದ ತಿಂಗಳಲ್ಲೇ ನಮ್ಮ ಮನೆಗಳಿಗೆ ಹೊಸ ಸೆಟ್ಟುಗಳು ಬರುತ್ತವೆ. ಎರಡು ಮಳೆಗಾಲ ಕಳೆಯುವುದರೊಳಗೆ ಅವುಗಳಲ್ಲಿ ಕೆಲವು ನನ್ನಂಥ ರಿಪೇರಿ ಕೆಲಸದವನ ಮೇಜಿನ ಮೇಲೆ ಬಂದು ಮಲಗುತ್ತವೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರವು ಶೇಕಡ 10.25 ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿಯಂತೆ, ಎಂದರೆ ಟನ್ನಿಗೆ 3,550 ರೂಪಾಯಿ, ಬೆಲೆ ಗೊತ್ತುಮಾಡಿತು. ಹನ್ನೆರಡು ಸಾವಿರ ರೂಪಾಯಿಯ ಸೆಟ್ಟು ಕೊಂಡರೆ ಹೆಚ್ಚುಕಡಿಮೆ ಮೂರೂವರೆ ಟನ್ ಕಬ್ಬು ಹೋದಂತೆ. ಅದೂ ಕಟಾವಿನ ಕೂಲಿ ಕಳೆಯದ ಲೆಕ್ಕ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು, ಆನೆ ಓಡಿಸಿ ಉಳಿಸಿಕೊಂಡ ಕಬ್ಬು ಅದು. ಅಂಥದನ್ನು ಕೊಟ್ಟು ಏನನ್ನು ತರುತ್ತಿದ್ದೇವೆ ಎಂಬುದು ತಿಳಿದಿರಬೇಡವೇ?

ಸಂಖ್ಯೆ ಓದುವುದು ನಮಗೆ ಹೊಸದಲ್ಲ. ಬಿತ್ತನೆಗೆ ಯಾವ ಕಬ್ಬು ಎಂದು ಕೇಳಿದರೆ ಯಾರೂ 'ಒಳ್ಳೆಯ ಕಬ್ಬು' ಎಂದು ಹೇಳಿ ಸುಮ್ಮನಾಗುವುದಿಲ್ಲ. ಕೋ 86032 ಎನ್ನುತ್ತೀರಿ. 'ಕೋ' ಎಂದರೆ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ, 86 ಎಂಬುದು ವರ್ಷ, ಕೊನೆಯ 032 ಆ ವರ್ಷದ ಕ್ರಮಾಂಕ. ಮಂಡ್ಯದ ವಿ.ಸಿ. ಫಾರಂ ಕೂಡಿ ಬೆಳೆಸಿದ್ದಾದರೆ ಕೋವಿಸಿ 99463 ಎಂದು ಬರುತ್ತದೆ. ಎಲ್ಲಿಯದು, ಎಂದಿನದು, ಎಷ್ಟನೆಯದು ಎಂಬ ಮೂರು ಸಂಗತಿಗಳೂ ಆ ಹೆಸರಿನಲ್ಲೇ ಅಡಗಿವೆ. ಟಿ.ವಿ. ಸೆಟ್ಟಿನ ಮಾದರಿ ಸಂಖ್ಯೆಯೂ ಇದೇ ಜಾತಿಯದು. ವ್ಯತ್ಯಾಸ ಒಂದೇ: ಕಬ್ಬಿಗೆ ಇಡೀ ದೇಶಕ್ಕೆ ಒಂದೇ ಪದ್ಧತಿ, ಸೆಟ್ಟುಗಳಿಗೆ ಕಂಪನಿಗೊಂದು ಪದ್ಧತಿ.

ಒಂದು ಉದಾಹರಣೆ ಕೊಡುತ್ತೇನೆ. ಸ್ಯಾಮ್‌ಸಂಗ್ ಕಂಪನಿಯ 32 ಅಂಗುಲದ ಒಂದು ಸೆಟ್ಟಿನ ಹಿಂದೆ 'ಯುಎ 32 ಟಿ 4340 ಎಕೆ ಎಕ್ಸ್‌ಎಕ್ಸ್‌ಎಲ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಾಗಿ ಅಚ್ಚಾಗಿದೆ. ಇದನ್ನು ಬಿಡಿಸಿ ಓದೋಣ. 'ಯು' ಎಂದರೆ ಎಲ್‌ಇಡಿ ಪರದೆ. 'ಎ' ಎಂದರೆ ಏಷ್ಯಾ ವಲಯ. 32 ಅಂಗುಲದ ಅಳತೆ. 'ಟಿ' ಎಂಬುದು ವರ್ಷದ ಗುರುತು, ಅದು 2020. ಆಮೇಲಿನ 4340 ಶ್ರೇಣಿಯ ಸಂಖ್ಯೆ. 4ರಿಂದ ಆರಂಭವಾದುದರಿಂದ ಕೆಳಗಿನ ಶ್ರೇಣಿಯದು. ಕೊನೆಯ 'ಎಕ್ಸ್‌ಎಕ್ಸ್‌ಎಲ್' ಭಾರತದ ಮಾರುಕಟ್ಟೆಗೆಂದು ಇಟ್ಟ ಬಾಲ. 2021ಕ್ಕೆ ಈ ಕಂಪನಿಯವರು ಮತ್ತೆ 'ಎ'ಯಿಂದ ಆರಂಭಿಸಿದರು. 2022ಕ್ಕೆ 'ಬಿ', 2023ಕ್ಕೆ 'ಸಿ', 2024ಕ್ಕೆ 'ಡಿ'.

ಎಲ್‌ಜಿ ಕಂಪನಿಯವರಲ್ಲಿ ಅಂಗುಲವೇ ಮೊದಲು ಬರುತ್ತದೆ. '32 ಎಲ್‌ಎಂ 563' ಎಂದಿದ್ದರೆ 'ಎಂ' ಅಕ್ಷರ 2019ನ್ನು ಹೇಳುತ್ತದೆ. 'ಕ್ಯೂ' ಇದ್ದರೆ 2022, 'ಆರ್' ಇದ್ದರೆ 2023. ಸೋನಿಯವರದು ಇನ್ನೊಂದು ಬಗೆ, ವರ್ಷದ ಅಕ್ಷರ ಕಟ್ಟಕಡೆಗೆ. 'ಕೆಡಿ 43 ಎಕ್ಸ್ 74 ಕೆ' ಎಂಬುದು 2022ರದು, ಅದೇ ಸಂಖ್ಯೆ 'ಎಲ್' ಎಂದು ಮುಗಿದರೆ 2023ರದು. ಅಗ್ಗದ ಸೆಟ್ಟು ಮಾರುವ ಸಣ್ಣ ಹೆಸರುಗಳಲ್ಲಿ ಇಂಥ ಕ್ರಮ ಯಾವಾಗಲೂ ಸಿಕ್ಕುವುದಿಲ್ಲ. ಹೆಚ್ಚೆಂದರೆ ಅಂಗುಲದ ಸಂಖ್ಯೆಯನ್ನು ಗುರುತಿಸಬಹುದು.

ವರ್ಷದ ಅಕ್ಷರದಿಂದ ಪ್ರಯೋಜನವೇನು? ಅದು ಮಾದರಿ ಹುಟ್ಟಿದ ವರ್ಷ, ನಿಮ್ಮ ಸೆಟ್ಟು ತಯಾರಾದ ವರ್ಷವಲ್ಲ. ಈಗ ಹೇಳಿದ 2019ರ ಮತ್ತು 2020ರ ಮಾದರಿಗಳು ಅನೇಕ ವರ್ಷ ಅಂಗಡಿಗಳಲ್ಲಿ ಹೊಸ ಸೆಟ್ಟುಗಳಾಗಿಯೇ ಮಾರಾಟವಾದವು. 86032 ಇಂದಿಗೂ ನೆಡುವ ತಳಿಯಾಗಿರುವಂತೆ, ಹಳೆಯ ಮಾದರಿ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಆದರೆ 'ಈ ವರ್ಷದ ಹೊಸ ಮಾಡೆಲ್ಲು' ಎಂದು ಅಂಗಡಿಯವರು ಹೆಚ್ಚಿಗೆ ಕೇಳಿದಾಗ, ಆ ಒಂದಕ್ಷರ ತಿಳಿದವರು ಸುಮ್ಮನೆ ನಗಬಹುದು. ಸೆಟ್ಟು ತಯಾರಾದ ತಿಂಗಳು ಮತ್ತು ವರ್ಷ ಪೆಟ್ಟಿಗೆಯ ಮೇಲೆ ಬೇರೆಯಾಗಿ ಅಚ್ಚಾಗಿರಬೇಕು. ಎರಡನ್ನೂ ನೋಡಿರಿ.

ಇನ್ನು ಬಾಲದ ಅಕ್ಷರಗಳ ವಿಚಾರ. ನಮ್ಮವರಲ್ಲಿ ಕೆಲವರು ಚಾಮರಾಜನಗರದಲ್ಲಿ ಬೆಲೆ ಕೇಳುತ್ತಾರೆ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲದಲ್ಲೂ ಕೇಳುತ್ತಾರೆ. ಹುಡುಗರು ಮೊಬೈಲಿನಲ್ಲಿ ಮೂರನೆಯ ಬೆಲೆ ತೋರಿಸುತ್ತಾರೆ. ಮೂರೂ ಬೇರೆ ಬೇರೆ! ಮೊದಲು ನೋಡಬೇಕಾದುದು, ಮೂರೂ ಒಂದೇ ಸೆಟ್ಟೇ ಎಂಬುದನ್ನು. ಮೇಲೆ ಹೇಳಿದ 4340ರಲ್ಲೇ 'ಎಕೆ' ಎಂಬುದೊಂದು, 'ಬಿಕೆ' ಎಂಬುದೊಂದು ಮಾರಾಟಕ್ಕೆ ಬಂದವು. ಎಲ್‌ಜಿಯಲ್ಲಿ 560, 563, 565 ಎಂದು ಒಂದೇ ಶ್ರೇಣಿಯ ಅಣ್ಣತಮ್ಮಂದಿರು. ಇಂಥ ಸಣ್ಣ ವ್ಯತ್ಯಾಸದ ಹಿಂದೆ ಕೆಲವೊಮ್ಮೆ ಚೌಕಟ್ಟಿನ ಬಣ್ಣ ಮಾತ್ರ ಇರುತ್ತದೆ. ಕೆಲವೊಮ್ಮೆ ಒಂದು ಎಚ್‌ಡಿಎಂಐ ತೂತು ಕಡಿಮೆ, ಸ್ಪೀಕರಿನ ಶಕ್ತಿ 20 ವ್ಯಾಟಿನ ಬದಲು 10. ಇನ್ನು ಕೆಲವೊಮ್ಮೆ ಏನೂ ಇಲ್ಲ. ಒಂದು ಸಂಖ್ಯೆ ಅಂಗಡಿಗೆ, ಇನ್ನೊಂದು ಸಂಖ್ಯೆ ಆನ್‌ಲೈನಿಗೆ ಎಂದು ಕಂಪನಿಗಳೇ ಬೇರೆ ಮಾಡುವುದುಂಟು. ಗಿರಾಕಿ ಬೆಲೆ ಹೋಲಿಸದಿರಲಿ ಎಂಬುದೂ ಅದರ ಒಂದು ಉದ್ದೇಶ ಎಂದು ನನ್ನ ಅಭಿಪ್ರಾಯ. ಆದ್ದರಿಂದ ಸಂಖ್ಯೆಯನ್ನು ತಲೆಯಿಂದ ಬಾಲದವರೆಗೆ ಚೀಟಿಯಲ್ಲಿ ಬರೆದುಕೊಳ್ಳಿರಿ. '32 ಇಂಚಿನ ಸ್ಯಾಮ್‌ಸಂಗ್' ಎಂದು ಹೇಳಿ ಬೆಲೆ ಕೇಳುವುದು, 'ಎತ್ತಿನ ಜೋಡಿ ಎಷ್ಟು' ಎಂದು ಎತ್ತು ನೋಡದೆ ಕೇಳಿದಂತೆ.

ರಿಪೇರಿ ಮಾಡುವವನಿಗೆ ಈ ಬಾಲವೇ ಮುಖ್ಯ. ಬೆನ್ನಿನ ಚೀಟಿಯಲ್ಲಿ ಮಾದರಿ ಸಂಖ್ಯೆಯ ಪಕ್ಕದಲ್ಲಿ 'ವರ್ಷನ್' ಎಂದು ಎರಡು ಅಕ್ಷರ ಎರಡು ಅಂಕಿ ಇರುವುದನ್ನು ಕೆಲವು ಸೆಟ್ಟುಗಳಲ್ಲಿ ಕಾಣಬಹುದು. ಒಂದೇ ಮಾದರಿಗೆ ಕಂಪನಿಯವರು ಒಂದು ತಿಂಗಳು ಒಬ್ಬರ ಪರದೆ, ಮತ್ತೊಂದು ತಿಂಗಳು ಇನ್ನೊಬ್ಬರ ಪರದೆ ಹಾಕುತ್ತಾರೆ. ಪರದೆಯ ಗಾಜು ಹೆಚ್ಚಾಗಿ ಹೊರದೇಶದಿಂದ ಬರುವಂಥದು, ಸೆಟ್ಟಿನ ತಯಾರಿಕೆಯ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ. ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುತ್ತಾರೆ. ಒಳಗಿನ ಎಲ್‌ಇಡಿ ಪಟ್ಟಿ ಸುಟ್ಟುಹೋಗಿ ಶಬ್ದ ಮಾತ್ರ ಬಂದು ಚಿತ್ರ ಕತ್ತಲಾದಾಗ, ಆ ಪರದೆಗೆ ಹೊಂದುವ ಪಟ್ಟಿಯೇ ಬೇಕು. ತಪ್ಪು ಸಾಫ್ಟ್‌ವೇರ್ ತುಂಬಿಸಿದರೆ ಚಿತ್ರ ತಲೆಕೆಳಗಾಗಿ ಬರುವುದನ್ನೂ ನೋಡಿದ್ದೇನೆ. ಆ ಚೀಟಿಯನ್ನು ಮಕ್ಕಳು ಕಿತ್ತುಹಾಕಿದರೆ ರಿಪೇರಿ ಮಾಡುವವನು ಕುರುಡನಂತೆ ತಡಕಾಡಬೇಕು. ಗೋಡೆಗೆ ಹೊಡೆಸುವ ಮುಂಚೆ ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡಿರಿ. ಹೊಡೆಸಿದ ಮೇಲೆ ಅದು ಕಾಣುವುದಿಲ್ಲ.

ಅಳತೆಯ ವಿಷಯಕ್ಕೆ ಬರೋಣ. ಪೆಟ್ಟಿಗೆಯ ಮೇಲೆ '80 ಸೆಂ.ಮೀ. (32)' ಎಂದಿರುವುದನ್ನು ನೋಡಿರುತ್ತೀರಿ. 32 ಅಂಗುಲವನ್ನು 2.54ರಿಂದ ಗುಣಿಸಿದರೆ 81.28 ಆಗಬೇಕು. ಹಾಗಾದರೆ ಒಂದೂಕಾಲು ಸೆಂಟಿಮೀಟರ್ ಎಲ್ಲಿ ಹೋಯಿತು? ಪರದೆ ನಿಜವಾಗಿ ಮೂಲೆಯಿಂದ ಮೂಲೆಗೆ 31.5 ಅಂಗುಲವೇ ಇರುವುದು. ಅಂಗುಲದ ಸಂಖ್ಯೆಯನ್ನು ವ್ಯಾಪಾರಕ್ಕೆ ದುಂಡು ಮಾಡಿರುತ್ತಾರೆ. ನಮ್ಮ ದೇಶದ ಅಳತೆ ಕಾನೂನಿಗೆ ಮೆಟ್ರಿಕ್ ಮಾನವೇ ಮಾನ್ಯವಾದ್ದರಿಂದ ಸೆಂಟಿಮೀಟರಿನ ಸಂಖ್ಯೆ ನಂಬತಕ್ಕದ್ದು. 43 ಎಂದು ಕರೆಯುವುದಕ್ಕೆ 108 ಸೆಂ.ಮೀ., 24 ಎಂಬುದಕ್ಕೆ 60 ಸೆಂ.ಮೀ. ಇರುತ್ತದೆ. 2006ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ಉಚಿತ ಬಣ್ಣದ ಟಿ.ವಿ. ಯೋಜನೆಯಲ್ಲಿ ನಮ್ಮಲ್ಲಿ ಎಷ್ಟೋ ಮನೆಗೆ ಬಂದ 14 ಅಂಗುಲದ ಸೆಟ್ಟಿನಲ್ಲೂ ಹೀಗೆಯೇ ಇತ್ತು. 14 ಎಂಬುದು ಗಾಜಿನ ಟ್ಯೂಬಿನ ಅಳತೆ, ಕಾಣುವ ಚಿತ್ರ ಅದಕ್ಕಿಂತ ಕಡಿಮೆ. ಅದು ಪುಕ್ಕಟೆ ಬಂದದ್ದು, ಯಾರೂ ಅಳತೆಪಟ್ಟಿ ಹಿಡಿಯಲಿಲ್ಲ. ಅದರಲ್ಲಿ ಆಯ್ಕೆಯ ತಲೆನೋವೂ ಇರಲಿಲ್ಲ.

ಅಗ್ಗದ ಸೆಟ್ಟುಗಳಲ್ಲಿ ಅತಿ ಹೆಚ್ಚು ಗೊಂದಲ ಮಾಡುವುದು ಚಿತ್ರದ ಚುಕ್ಕಿಗಳ ಲೆಕ್ಕ. ಚಿತ್ರವೆಲ್ಲ ಚುಕ್ಕಿಗಳಿಂದ ಆದದ್ದು, ರಂಗೋಲಿಯ ಹಾಗೆ. 'ಎಚ್‌ಡಿ ರೆಡಿ' ಎಂದರೆ ಅಡ್ಡಕ್ಕೆ 1366, ಉದ್ದಕ್ಕೆ 768, ಒಟ್ಟು ಸುಮಾರು ಹತ್ತೂವರೆ ಲಕ್ಷ ಚುಕ್ಕಿ. 'ಫುಲ್ ಎಚ್‌ಡಿ' ಎಂದರೆ 1920ಕ್ಕೆ 1080, ಇಪ್ಪತ್ತು ಲಕ್ಷ ದಾಟುತ್ತದೆ. '4ಕೆ' ಎಂದರೆ 3840ಕ್ಕೆ 2160, ಸುಮಾರು 83 ಲಕ್ಷ. ಈಗ ಎಚ್ಚರಿಕೆಯ ಮಾತು: ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ '4ಕೆ' ಎಂದಿದ್ದು, ಕೆಳಗೆ ಸಣ್ಣದಾಗಿ 'ಸಪೋರ್ಟ್' ಎಂದಿದ್ದರೆ, ಆ ಸೆಟ್ಟು 4ಕೆ ಚಿತ್ರವನ್ನು ಒಳಗೆ ತೆಗೆದುಕೊಳ್ಳುತ್ತದೆ ಅಷ್ಟೆ, ತೋರಿಸುವುದು ತನ್ನಲ್ಲಿರುವ ಹತ್ತು ಲಕ್ಷ ಚುಕ್ಕಿಗಳಲ್ಲೇ. ಹತ್ತು ಟನ್ನಿನ ಕಬ್ಬನ್ನು ಎರಡು ಟನ್ನಿನ ಗಾಡಿಯ ಮುಂದೆ ತಂದು ನಿಲ್ಲಿಸಿದಂತೆ. ವಿವರಪಟ್ಟಿಯಲ್ಲಿ 'ರೆಸೊಲ್ಯೂಷನ್' ಎಂಬ ಸಾಲನ್ನೇ ಹುಡುಕಿ, ಅದರ ಎದುರಿಗಿರುವ ಎರಡು ಸಂಖ್ಯೆಗಳನ್ನು ಓದಿರಿ. ಉಳಿದ ಬಣ್ಣದ ಬರಹವನ್ನೆಲ್ಲ ಮರೆತರೂ ನಷ್ಟವಿಲ್ಲ.

ಹಾಗೆಂದು ಹೆಚ್ಚು ಚುಕ್ಕಿಗೆ ಹೆಚ್ಚು ಹಣ ಕೊಡಲೇಬೇಕೆಂದಿಲ್ಲ. 32 ಅಂಗುಲದ ಎಚ್‌ಡಿ ರೆಡಿ ಪರದೆಯಲ್ಲಿ ಒಂದು ಚುಕ್ಕಿಯ ಅಗಲ ಸುಮಾರು ಅರ್ಧ ಮಿಲಿಮೀಟರ್. ಒಳ್ಳೆಯ ಕಣ್ಣಿಗೂ ಆರು ಅಡಿ ದಾಟಿದ ಮೇಲೆ ಅದು ಬಿಡಿಬಿಡಿಯಾಗಿ ಕಾಣದು. ನಮ್ಮ ಪಡಸಾಲೆಗಳಲ್ಲಿ ಎಂಟು ಹತ್ತು ಅಡಿ ದೂರದಲ್ಲಿ ಕೂತು ನೋಡುತ್ತೇವೆ. ಅಲ್ಲಿಗೆ 32ರಲ್ಲಿ ಎಚ್‌ಡಿ ರೆಡಿ ಸಾಕು. 43 ಅಂಗುಲಕ್ಕೆ ಹೋದರೆ ಮಾತ್ರ ಫುಲ್ ಎಚ್‌ಡಿಗಿಂತ ಕಡಿಮೆಯದನ್ನು ತರಬೇಡಿರಿ.

ಹೊಸ ಸೆಟ್ಟು ತಂದ ಮೊದಲ ದಿನವೇ ಬರುವ ದೂರು ಇನ್ನೊಂದಿದೆ. 'ಅಣ್ಣ, ಪಿಕ್ಚರ್ ಟ್ಯೂಬ್ ಸರಿಯಿಲ್ಲ, ಮುಖವೆಲ್ಲ ಅಗಲವಾಗಿ ಕಾಣುತ್ತದೆ' ಎನ್ನುತ್ತಾರೆ. ನಮ್ಮ ಗಾಜನೂರಿನ ಡಾ. ರಾಜ್‌ಕುಮಾರ್ ಅವರ 1954ರ 'ಬೇಡರ ಕಣ್ಣಪ್ಪ'ದಂಥ ಹಳೆಯ ಚಿತ್ರಗಳು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರ ಅಳತೆಯವು. ಈಗಿನ ಪರದೆ ಹದಿನಾರಕ್ಕೆ ಒಂಬತ್ತು. ಸೆಟ್ಟು ಅದನ್ನು ಎಳೆದು ಪರದೆ ತುಂಬಿಸಿದಾಗ ಅಣ್ಣಾವ್ರು ದಪ್ಪಗೆ ಕಾಣುತ್ತಾರೆ. ರಿಮೋಟಿನಲ್ಲಿ ಚಿತ್ರದ ಅಳತೆಯನ್ನು 4:3ಕ್ಕೆ ಇಟ್ಟರೆ ಎರಡು ಬದಿಗೆ ಕಪ್ಪು ಪಟ್ಟಿ ಬಂದು ಮುಖ ಸರಿಯಾಗುತ್ತದೆ. ಇದಕ್ಕೆ ಯಾರಿಗೂ ಹಣ ಕೊಡಬೇಡಿರಿ.

'ಸ್ಮಾರ್ಟ್' ಎಂಬ ಮಾತಿಗೆ ಈಗ ಎರಡು ಮೂರು ಸಾವಿರ ಹೆಚ್ಚು ಹೋಗುತ್ತದೆ. ಮನೆಯಲ್ಲಿ ಇಂಟರ್‌ನೆಟ್ ಇಲ್ಲದಿದ್ದರೆ, ಮೊಬೈಲಿನ ಸಿಗ್ನಲ್ಲಿಗೆ ದಿಬ್ಬ ಹತ್ತಬೇಕಾದ ಊರಾಗಿದ್ದರೆ, ಆ ಹಣ ನೀರಿಗೆ ಹಾಕಿದಂತೆ. ಇಂಟರ್‌ನೆಟ್ ಇದ್ದವರು ಎರಡು ಸಂಖ್ಯೆ ನೋಡಲಿ: ರ‍್ಯಾಮ್ ಎಷ್ಟು, ಒಳಗಿನ ಸಂಗ್ರಹ ಎಷ್ಟು. 1 ಜಿಬಿಗಿಂತ ಕಡಿಮೆ ರ‍್ಯಾಮ್, 8 ಜಿಬಿಗಿಂತ ಕಡಿಮೆ ಸಂಗ್ರಹ ಇದ್ದರೆ ಬೇಡ. ಒಂದು ವರ್ಷದಲ್ಲಿ ಎತ್ತು ಕೆಸರಿನಲ್ಲಿ ನಡೆದಂತೆ ನಡೆಯುತ್ತದೆ. ಇನ್ನೊಂದು, 'ಆಂಡ್ರಾಯ್ಡ್' ಎಂದು ಬರೆದ ಎಲ್ಲವೂ ಗೂಗಲ್ ಸಂಸ್ಥೆಯ ಒಪ್ಪಿಗೆ ಪಡೆದವಲ್ಲ. ಯಾರು ಬೇಕಾದರೂ ತೆಗೆದು ಬಳಸಬಹುದಾದ ಮೊಬೈಲಿನ ಆಂಡ್ರಾಯ್ಡನ್ನೇ ಕೆಲವರು ಟಿ.ವಿ.ಗೆ ತುಂಬಿರುತ್ತಾರೆ. ಅಂಥದರಲ್ಲಿ ಕೆಲವು ಸಿನಿಮಾ ಸೇವೆಗಳು ನಡೆಯುವುದಿಲ್ಲ. ಅಂಗಡಿಯಲ್ಲೇ ಹಾಕಿಸಿ ನೋಡಿರಿ.

ನಮಗೆ ಕನ್ನಡ ಚಾನಲ್ ಬೇಕು, ಮಕ್ಕಳ ಶಾಲೆಗೆ ತಮಿಳೂ ಬೇಕು. ತಿಂಗಳ ಬಾಡಿಗೆ ಬೇಡವೆನ್ನುವವರಿಗೆ ದೂರದರ್ಶನದ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾದದ್ದು. ಡಿಡಿ ಚಂದನ ಅದರಲ್ಲಿ ಬರುತ್ತದೆ. ಕೆಲವು ಸೆಟ್ಟುಗಳ ಒಳಗೇ ಉಪಗ್ರಹದ ಟ್ಯೂನರ್ ಇರುತ್ತದೆ, ವಿವರಪಟ್ಟಿಯಲ್ಲಿ 'ಡಿವಿಬಿ-ಎಸ್2' ಎಂದು ಬರೆದಿರುತ್ತದೆ. ಭಾರತೀಯ ಮಾನಕ ಸಂಸ್ಥೆಯು ಇಂಥ ಸೆಟ್ಟುಗಳಿಗಾಗಿ 2022ರಲ್ಲಿ ಐಎಸ್ 18112 ಎಂಬ ಮಾನಕವನ್ನೇ ಹೊರಡಿಸಿತು. ಅದಿದ್ದರೆ ಛಾವಣಿಯ ತಟ್ಟೆಯ ತಂತಿಯನ್ನು ನೇರವಾಗಿ ಸೆಟ್ಟಿಗೆ ಸಿಕ್ಕಿಸಿ ಉಚಿತ ಚಾನಲ್ಲುಗಳನ್ನು ನೋಡಬಹುದು. ಬೇರೆ ಪೆಟ್ಟಿಗೆ, ಬೇರೆ ರಿಮೋಟ್ ಬೇಡ. ಅಂಗಡಿಯವರು ಈ ಮಾತನ್ನು ತಾವಾಗಿ ಹೇಳುವುದು ಅಪರೂಪ.

ಕರೆಂಟಿನ ವಿಷಯ. 32 ಅಂಗುಲದ ಸೆಟ್ಟು ಸುಮಾರು 50 ವ್ಯಾಟ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಐದು ಗಂಟೆ ನೋಡಿದರೆ ಕಾಲು ಯೂನಿಟ್, ಎರಡು ತಿಂಗಳ ಬಿಲ್ಲಿನಲ್ಲಿ ಹದಿನೈದು ಯೂನಿಟ್. ಇದು ದೊಡ್ಡ ಮಾತಲ್ಲ. ದೊಡ್ಡ ಮಾತು ವೋಲ್ಟೇಜು. ಬೆನ್ನಿನ ಚೀಟಿಯಲ್ಲಿ '100-240 ವೋಲ್ಟ್' ಎಂದಿದ್ದರೆ, ಸಂಜೆ ಪಂಪುಗಳು ಓಡುವಾಗ ಇಳಿಯುವ ಕಡಿಮೆ ವೋಲ್ಟೇಜನ್ನು ಸೆಟ್ಟು ತಾನೇ ತಾಳಿಕೊಳ್ಳುತ್ತದೆ. ಅದಕ್ಕೆಂದು ಸ್ಟೆಬಿಲೈಸರ್ ಬೇಡ. ಸೆಟ್ಟನ್ನು ಕೊಲ್ಲುವುದು ಮೇಲೇರುವ ವೋಲ್ಟೇಜು. ಗಾಳಿಮಳೆಗೆ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 300 ದಾಟಿ ಬಂದುಬಿಡಬಹುದು. ಚೈತ್ರ ವೈಶಾಖದ ಗುಡುಗಿನ ಸಂಜೆಗಳಲ್ಲಿ ರಿಮೋಟಿನಿಂದ ಆರಿಸಿದರೆ ಆರಿಸಿದಂತಲ್ಲ. ಪ್ಲಗ್ಗನ್ನು ಕೀಳಬೇಕು, ಡಿಶ್ಶಿನಿಂದ ಬಂದ ತಂತಿಯನ್ನೂ ಕೀಳಬೇಕು. ಪ್ಲಗ್ಗು ಕಿತ್ತಿದ್ದರೂ ಡಿಶ್ಶಿನ ತಂತಿಯ ಮೂಲಕ ಸಿಡಿಲು ಹೊಕ್ಕು ಬೋರ್ಡು ಸುಟ್ಟ ಸೆಟ್ಟುಗಳನ್ನು ಬಿಚ್ಚಿ ನೋಡಿದ್ದೇನೆ. ಸಿಡಿಲಿನ ಹಾನಿಗೆ ಗ್ಯಾರಂಟಿ ಸಾಮಾನ್ಯವಾಗಿ ಸಲ್ಲದು.

ಕಬ್ಬಿನ ಹಣ ಬಟವಾಡೆಯಾಗುವ ದಿನಗಳಲ್ಲಿ ಊರೂರಿಗೆ ವ್ಯಾನಿನಲ್ಲಿ ಸೆಟ್ಟು ತಂದು ಮಾರುವವರುಂಟು. ಅಂಥದೊಂದು ನನ್ನ ಮೇಜಿಗೆ ಬಂದಿತ್ತು. ಎಂಟು ತಿಂಗಳಿಗೆ ಪರದೆಯ ಮೇಲೆ ಗೆರೆ ಬಿದ್ದಿತ್ತು. ಹೆಸರು ಕೇಳಿದರೆ ಜಪಾನಿನದು ಎನ್ನಿಸುವಂತಿತ್ತು. ಬೆನ್ನಿನ ಮೇಲೆ ಮಾದರಿ ಸಂಖ್ಯೆ 'ಎಲ್‌ಇಡಿ 32' ಎಂದಷ್ಟೇ, ತಯಾರಿಸಿದವರ ವಿಳಾಸವಿಲ್ಲ, ತಿಂಗಳಿಲ್ಲ, ಬಿಲ್ಲಿಲ್ಲ. ಯಾರನ್ನು ಕೇಳುವುದು? 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಫೋನ್ ಸಂಖ್ಯೆ, ಇವೆಲ್ಲ ಪೆಟ್ಟಿಗೆಯ ಮೇಲೆ ಇರಲೇಬೇಕು. ಅಲ್ಲದೆ ಮಾನಕ ಸಂಸ್ಥೆಯ ಗುರುತು, ಅದರೊಡನೆ 'ಆರ್' ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಸೆಟ್ಟಿನ ಮೇಲೆ ಇರಬೇಕು. 'ಬಿಐಎಸ್ ಕೇರ್' ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ನೋಂದಣಿ ಯಾರ ಹೆಸರಿನಲ್ಲಿದೆ ಎಂದು ಅಲ್ಲೇ ಕಾಣುತ್ತದೆ. ಓದುವ ಹುಡುಗಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋದರೆ ಒಂದು ನಿಮಿಷದ ಕೆಲಸ.

ಹೆಸರು ಒಬ್ಬರದು, ತಯಾರಿಕೆ ಇನ್ನೊಬ್ಬರದು ಎಂದಿದ್ದರೆ ಗಾಬರಿಯಾಗಬೇಡಿರಿ. ಕೊಡಾಕ್, ಥಾಮ್ಸನ್ ಎಂಬ ಹೆಸರಿನ ಸೆಟ್ಟುಗಳನ್ನು ನಮ್ಮ ದೇಶದಲ್ಲಿ ಪರವಾನಗಿಯ ಮೇಲೆ ಮಾಡುವವರು ಸೂಪರ್ ಪ್ಲಾಸ್ಟ್ರಾನಿಕ್ಸ್ ಕಂಪನಿಯವರು. ತಿರುಪತಿಯಲ್ಲಿರುವ ಡಿಕ್ಸನ್ ಕಂಪನಿಯ ಕಾರ್ಖಾನೆಯಲ್ಲಿ ಹಲವು ಹೆಸರುಗಳ ಸೆಟ್ಟುಗಳು ತಯಾರಾಗಿವೆ. ಅದು ನ್ಯಾಯವಾದ ವ್ಯಾಪಾರವೇ. ವಿಳಾಸವೇ ಇಲ್ಲದವರನ್ನು ಮಾತ್ರ ದೂರ ಇಡಿರಿ.

'ಬಿಲ್ ಬೇಡ ಅಂದರೆ ತೆರಿಗೆ ಬಿಡುತ್ತೇನೆ' ಎಂಬ ಮಾತಿಗೆ ಒಪ್ಪಬೇಡಿರಿ. 32 ಅಂಗುಲದವರೆಗಿನ ಸೆಟ್ಟಿಗೆ 2019ರ ಜನವರಿ 1ರಿಂದಲೇ ಜಿಎಸ್‌ಟಿ ಶೇಕಡ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18 ಆಯಿತು. ಬಿಲ್ಲಿನಲ್ಲಿ ಪೂರ್ತಿ ಮಾದರಿ ಸಂಖ್ಯೆಯನ್ನೂ ಸೆಟ್ಟಿನ ಸೀರಿಯಲ್ ಸಂಖ್ಯೆಯನ್ನೂ ಬರೆಸಿ, ಪೆಟ್ಟಿಗೆ ಬಿಚ್ಚಿದಾಗ ಬೆನ್ನಿನ ಚೀಟಿಯೊಡನೆ ಹೋಲಿಸಿ ನೋಡಿರಿ. ಪ್ರದರ್ಶನಕ್ಕೆ ಇಟ್ಟದ್ದು ಒಂದು, ಪೆಟ್ಟಿಗೆಯಲ್ಲಿ ಬಂದದ್ದು ಇನ್ನೊಂದು ಆಗಬಾರದು.

ಗಡಿಯಲ್ಲಿರುವ ನಮಗೆ ಒಂದು ಅನುಮಾನ ಯಾವಾಗಲೂ ಇದೆ: ಕರ್ನಾಟಕದ ಅಂಗಡಿಯಲ್ಲಿ ಕೊಂಡ ಸೆಟ್ಟು ಕೆಟ್ಟರೆ ದೂರು ಎಲ್ಲಿ ಕೊಡುವುದು? 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ಕೊಂಡವರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಎಂದರೆ ಚಾಮರಾಜನಗರದಲ್ಲಿ ಕೊಂಡರೂ ಈರೋಡಿನಲ್ಲಿ. ಕೊಟ್ಟ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮುಂಚೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ನೋಡಬಹುದು, ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ. ಅವರು ಮೊದಲು ಕೇಳುವುದು ಬಿಲ್ಲನ್ನು, ಮಾದರಿ ಸಂಖ್ಯೆಯನ್ನು.

ಕಡೆಯದಾಗಿ, ಕೊಳ್ಳುವ ಮುಂಚೆ ಸರ್ವೀಸಿನವರು ಬೆಟ್ಟ ಹತ್ತಿ ಬರುತ್ತಾರೆಯೇ ಎಂದು ಕೇಳಿರಿ. 'ಮನೆಗೇ ಬಂದು ಸರ್ವೀಸ್' ಎಂಬ ಬರಹದ ಕೆಳಗೆ ಕೆಲವರು ಇಷ್ಟು ಕಿಲೋಮೀಟರಿನೊಳಗೆ ಎಂದು ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಅಂಗಡಿಯಿಂದಲೇ ಆ ಫೋನ್ ಸಂಖ್ಯೆಗೆ ಕರೆ ಮಾಡಿ, ನಮ್ಮ ಪಿನ್‌ಕೋಡ್ ಹೇಳಿ, ತಾಳವಾಡಿಗೆ ಬರುತ್ತೀರಾ ಎಂದು ಕೇಳಿ, ಹೂಂ ಎಂದ ಮೇಲೆ ಹಣ ಎಣಿಸಿರಿ.